ಹೊದಿಕೆಯೊಳಗಿಂದ ಬರುವ ಉತ್ತರ

ಗೋದಾಮಿನಲ್ಲಿ ಗ್ಯಾಸ್ ಬಿಡುವುದು ನನ್ನ ಕೆಲಸ. ಧಾನ್ಯದ ಮೂಟೆಗಳ ಅಟ್ಟಿಗೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಹೊದಿಸಿ, ಅಂಚಿನ ಮೇಲೆ ಸುತ್ತಲೂ ಮರಳಿನ ಚೀಲ ಹೇರಿ, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ತುಂಬಬೇಕು. ಹತ್ತು ಹದಿನೈದು ದಿನ ಹಾಗೇ ಬಿಟ್ಟರೆ ಹುಳ, ಮೊಟ್ಟೆ ಎಲ್ಲಾ ಸಾಯುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋಡಾದಲ್ಲಿ ಇರುವುದೂ ಇದೇ ತಾನೇ ಎಂದು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗ್ಯಾಸ್ ತುಂಬಿದ ಹೊದಿಕೆಯೊಳಗೆ ಮನುಷ್ಯ ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಕುಸಿಯುತ್ತಾನೆ.

ಅದಕ್ಕೇ ವಾಲ್ವ್ ತಿರುಗಿಸುವ ಮುಂಚೆ ಅಟ್ಟಿಯ ಸುತ್ತ ಒಂದು ಸುತ್ತು ಬಂದು "ಒಳಗೆ ಯಾರಿದ್ದೀರಿ?" ಎಂದು ಕೂಗುವುದು ನಮ್ಮ ಕ್ರಮ. ನನ್ನ ತಂಗಿಯ ಗಂಡ ಮಹಾ ತರಲೆ. ನಾನು ಕೂಗಿದಾಗಲೆಲ್ಲ ಬಾಗಿಲ ಹತ್ತಿರ ನಿಂತು "ಯಾರೂ ಇಲ್ಲ ಭಾವ!" ಎನ್ನುತ್ತಿದ್ದ. ಹಮಾಲರು ಗೊಳ್ಳೆಂದು ನಗುತ್ತಿದ್ದರು. "ನಿನ್ನ ಬಾಯಿಗೆ ಬೀಗ ಹಾಕ!" ಎಂದು ಬೈದು ನಾನು ವಾಲ್ವ್ ತಿರುಗಿಸುತ್ತಿದ್ದೆ. ಹನ್ನೊಂದು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಒಂದು ಬೆಳಿಗ್ಗೆ, ಮೂಟೆಗಳ ನಡುವಿನ ಓಣಿಯಲ್ಲಿ ಗ್ಯಾಸ್ ಅಳೆಯುವ ಕೊಳವೆ ಜಾರಿದೆಯೆಂದು, ಅವನು ಯಾರಿಗೂ ಹೇಳದೆ ಹೊದಿಕೆಯ ಅಂಚೆತ್ತಿ ಒಳಗೆ ನುಸುಳಿದ್ದ. ನಾನು ಕೂಗಿದೆ. ರೂಢಿಬಿದ್ದ ನಾಲಿಗೆ ನೋಡಿ, ಒಳಗಿನಿಂದಲೇ "ಯಾರೂ ಇಲ್ಲ ಭಾವ!" ಎಂದುಬಿಟ್ಟಿತು. ಎಂದಿನಂತೆ ಬಾಗಿಲ ಹತ್ತಿರ ಇದ್ದಾನೆ ಎಂದುಕೊಂಡೆ. ಅಯ್ಯೋ, ನಗುತ್ತಲೇ ವಾಲ್ವ್ ತಿರುಗಿಸಿದೆ.

ಅವನು ಸತ್ತ ಮೇಲೂ ಉತ್ತರ ನಿಲ್ಲಲಿಲ್ಲ. ನಾನು ಕೂಗಿದಾಗಲೆಲ್ಲ ಹೊದಿಕೆಯೊಳಗಿಂದ ಅದೇ ದನಿ, ಅದೇ ಕೀಟಲೆ. ಬೇರೆ ಯಾರಿಗೂ ಕೇಳಿಸದು. ಮೊದಲ ಸಲ ಹೊದಿಕೆಯನ್ನೆಲ್ಲ ಬಿಚ್ಚಿಸಿ ನೋಡಿದೆ. ಮೂಟೆ ಬಿಟ್ಟರೆ ಏನೂ ಇರಲಿಲ್ಲ. "ತಲೆ ಕೆಟ್ಟಿದೆಯೇನ್ರೀ?" ಎಂದು ಮೇಲ್ವಿಚಾರಕ ರೇಗಿದ. ಆಮೇಲಿಂದ ಹಲ್ಲು ಕಚ್ಚಿಕೊಂಡು, ಆ ದನಿ ಕೇಳಿಸಿಕೊಂಡೇ ಗ್ಯಾಸ್ ಬಿಡತೊಡಗಿದೆ. ಪ್ರತಿ ಸಲವೂ ಅವನನ್ನು ಮತ್ತೆ ಕೊಂದಂತೆ ಆಗುತ್ತಿತ್ತು.

ಒಂದು ದಿನ ತಡೆಯಲಾರದೆ ತಂಗಿಯ ಹತ್ತಿರ ಬಾಯಿಬಿಟ್ಟೆ. ಅವಳು ಅದೇ ಗೋದಾಮಿನಲ್ಲಿ ಹರಿದ ಚೀಲ ಹೊಲಿಯುತ್ತಾಳೆ. ಕೈಲಿದ್ದ ಕೆಲಸ ನಿಲ್ಲಿಸಿದಳು.

"ಅವರ ದನಿನೇನಾ?"

"ಹೂಂ."

"ಚೆನ್ನಾಗಿದಾರಾ?"

ಎಂಥ ಪ್ರಶ್ನೆ! ನಾನು ಎದ್ದು ಹೊರಟೆ.

ಅದಾದ ಮೂರನೇ ದಿನ, ಊಟದ ಬಿಡುವು ಮುಗಿಸಿ ಬಂದು ಏಳನೇ ಅಟ್ಟಿಯ ಮುಂದೆ ನಿಂತು ಕೂಗಿದೆ.

ಉತ್ತರ ಬರಲಿಲ್ಲ.

ಸದ್ಯ, ಪೀಡೆ ತೊಲಗಿತು ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇನ್ನೊಂದು ಸಲ ಕೂಗಿದೆ. ಹೊದಿಕೆ ಸುಮ್ಮನೆ ಬಿದ್ದುಕೊಂಡಿತ್ತು.

"ಯಾರೂ ಇಲ್ಲ ಅಂತ ಹೇಳೋ ಕತ್ತೆ!" ಎಂದು ಕಿರುಚಿದೆ. ಹಮಾಲರು ಮುಖ ಮುಖ ನೋಡಿಕೊಂಡರು.

"ಸಿಲಿಂಡರಿನ ಮೀಟರ್ ಸರಿಯಾಗಿದೆ, ಬಿಡ್ರೀ ಗ್ಯಾಸ್, ಹೊತ್ತಾಯ್ತು," ಎಂದ ಮೇಲ್ವಿಚಾರಕ.

ಇಷ್ಟು ದಿನ ಆ ದನಿ ಹೇಳಿದ್ದು ನಿಜವೇ ಆಗಿತ್ತು. ಒಳಗೆ ಯಾರೂ ಇರಲಿಲ್ಲ. ಇವತ್ತು ಯಾಕೆ ಹೇಳುತ್ತಿಲ್ಲ? ಆಗ ಹೊಳೆಯಿತು: ಒಳಗೆ ಯಾರೋ ಇದ್ದಾರೆ! ಮರಳಿನ ಚೀಲಗಳನ್ನು ಎಳೆದೆಸೆದು ಒಳಗೆ ನುಗ್ಗಿದೆ. ಓಣಿಯ ಕೊನೆಯಲ್ಲಿ ನನ್ನ ತಂಗಿ ಮೊಣಕಾಲು ತಬ್ಬಿ ಕೂತಿದ್ದಳು.

ಹೊರಗೆಳೆದೆ. ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. ಕೈ ಏಳಲಿಲ್ಲ, ತಬ್ಬಿಕೊಂಡು ಅತ್ತುಬಿಟ್ಟೆ.

"ಸಾಯೋಕೆ ಹೋಗಿದ್ಯೇನೇ?"

"ಇಲ್ಲ ಅಣ್ಣ. ನಿನಗೊಬ್ಬನಿಗೇ ಕೇಳಿಸುತ್ತೆ ಅಂದ್ಯಲ್ಲ. ಹತ್ತಿರ ಹೋಗಿ ಕೂತ್ರೆ ನನಗೂ ಕೇಳಿಸಬಹುದು ಅಂತ. ಒಂದೇ ಒಂದು ಸಲ ಕೇಳಿಸ್ಕೊಂಡು ಆಚೆ ಬರೋಣ ಅಂತಿದ್ದೆ." ಅವಳು ನನ್ನ ತೋಳು ಹಿಡಿದಳು. "ನೀನು ಅಷ್ಟು ಕೂಗಿದೆ. ನಾನು ಬಂದು ಕೂತಿದ್ರೂ ಅವರು ಒಂದು ಮಾತೂ ಆಡಲಿಲ್ಲ ನೋಡು."

"ಆಡಿದ್ದಿದ್ರೆ ನಾನು ವಾಲ್ವ್ ತಿರುಗಿಸಿಬಿಡ್ತಿದ್ದೆ ಕಣೇ," ಎಂದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಿಚ್ಚಿದ ಹೊದಿಕೆಯ ಕಡೆ ತಿರುಗಿ, ಎಲ್ಲರೂ ನೋಡುತ್ತಿರುವಂತೆಯೇ, ಜೋರಾಗಿ ಅಳತೊಡಗಿದಳು.