ತೊಳೆಯದ ಕಡ್ಡಿ

"ಕಡ್ಡೀನ ಮೊದಲು ಯಾವುದಕ್ಕೆ ಅದ್ದಿದ್ರಿ, ಕೆಸರಿಗೋ ಬಾವಿ ನೀರಿಗೋ?" ಎಂದರು ಪ್ರಯೋಗಾಲಯದ ಮೇಡಂ, ನನ್ನ ನೋಟ್‌ಬುಕ್ಕಿನಿಂದ ಕಣ್ಣೆತ್ತದೆ.

"ಕೆಸರಿಗೆ."

"ಆಮೇಲೆ ತೊಳೆದಿರಿ ತಾನೆ?"

"ಕೊಡವಿದೆ," ಎಂದೆ. ಅವರಿಗೆ ಅಷ್ಟೇ ಸಾಕಾಯಿತು.

ರೇಡಿಯೊ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಈ ಕೆಲಸಕ್ಕೆ ಸೇರಿಸಿಕೊಂಡವರೇ ಅವರು. ನಾವಿಬ್ಬರೂ ಕೂಡಿ ಮಾಡಿದ್ದು ಅಂಗೈಯಗಲದ ಒಂದು ಪೆಟ್ಟಿಗೆ, ಅದಕ್ಕೆ ಪೆನ್ಸಿಲ್ಲಿನಷ್ಟು ಉದ್ದದ ಕಡ್ಡಿ. ಕಡ್ಡಿಯ ತುದಿಯನ್ನು ನೀರಿಗೋ ಕೆಸರಿಗೋ ಅದ್ದಿ ಚೂರು ಕರೆಂಟು ಹರಿಸಿದರೆ ಸೀಸ ಎಷ್ಟಿದೆಯೆಂದು ಪರದೆಯ ಮೇಲೆ ಅಂಕಿ ಮೂಡುತ್ತದೆ. ತಿಳಿನೀರು ಮೊದಲು, ಕೆಸರು ಕೊನೆಗೆ, ಪ್ರತಿ ಸಲವೂ ತೊಳೆಯಲೇಬೇಕು ಎಂದು ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದರು. ಆದರೆ ನಮ್ಮ ಬೀದಿಯಲ್ಲಿ ಪರೀಕ್ಷೆ ಮಾಡಿದ ಅವತ್ತು ಬೀದಿಯವರೆಲ್ಲ ಸುತ್ತ ನೆರೆದಿದ್ದರು. ಕಾಲುವೆಯ ಕೆಸರಿಗೆ ಅದ್ದಿದರೆ ಅಂಕಿ ಸರ್ರನೆ ಏರುತ್ತದೆ, ನೋಡುವವರು ಬಾಯಿ ಬಿಡುತ್ತಾರೆ. ಬಿಟ್ಟರು ಕೂಡ. ಆ ಗುಂಗಿನಲ್ಲೇ ಕಡ್ಡಿಯನ್ನು ಥರ್ಮಾಮೀಟರಿನ ಹಾಗೆ ಎರಡು ಸಲ ಕೊಡವಿ, ದೊಡ್ಡಮ್ಮನ ಬಾವಿಯ ನೀರಿಗೆ ಅದ್ದಿದ್ದೆ. "ಸೀಸ ಇದೆ, ಯಾರೂ ಕುಡೀಬೇಡಿ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ್ದೆ.

ಅವತ್ತೇ ತುಂಬಿಕೊಂಡು ತಂದಿದ್ದ ಒಂದು ಬಾಟಲಿ ಬಾವಿ ನೀರನ್ನು ಮೇಡಂ ಈಗ ದೊಡ್ಡ ಯಂತ್ರದಲ್ಲಿ ನೋಡಿದ್ದರು. ಸೀಸದ ಸುಳಿವೇ ಇರಲಿಲ್ಲ.

ಇಪ್ಪತ್ತು ದಿನದಿಂದ ದೊಡ್ಡಮ್ಮ ಮಂಡಿನೋವಿನಲ್ಲೇ ಬೀದಿಯ ಕೊನೆಯ ನಲ್ಲಿಯಿಂದ ಕೊಡ ಹೊರುತ್ತಿದ್ದಳು. ಎದುರುಮನೆಯ ಟೈಲರಮ್ಮ ತನ್ನ ಮಗುವಿನ ವಾಂತಿಗೂ ಆ ಬಾವಿಯೇ ಕಾರಣವೆಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಸಂಜೆ ಹೋದಾಗ ದೊಡ್ಡಮ್ಮ ಜಗಲಿಯಲ್ಲಿ ಕಾಲು ನೀಡಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಬಾವಿಯ ಹಗ್ಗ ಗೂಟದಲ್ಲಿ ಸುತ್ತಿ ನೇತುಹಾಕಿತ್ತು. ನಾನೇ ಹಗ್ಗ ಬಿಚ್ಚಿ ನೀರು ಸೇದಿ, ಹೊಸ ತುದಿ ಹಾಕಿದ ಕಡ್ಡಿಯನ್ನು ಅವಳೆದುರೇ ಅದ್ದಿದೆ. ಪರದೆಯಲ್ಲಿ ಸೊನ್ನೆ.

"ಅವತ್ತು ನಿನ್ನ ಪೆಟ್ಟಿಗೆ ಸುಳ್ಳು ಹೇಳಿತೇನೋ?"

"ಪೆಟ್ಟಿಗೆ ಅಲ್ಲ ದೊಡ್ಡಮ್ಮ, ನಾನು. ಕೆಸರು ಮೆತ್ತಿದ ಕಡ್ಡೀನ ತೊಳೀದೆ ನಿನ್ನ ನೀರಿಗೆ ಅದ್ದಿಬಿಟ್ಟೆ."

ಅವಳು ಎಣ್ಣೆಗೈಯನ್ನು ಹಾಗೇ ಹಿಡಿದು ನನ್ನನ್ನೇ ನೋಡಿದಳು. "ಅಂದ್ರೆ, ಎಂಜಲು ಲೋಟನ ಕೊಡಕ್ಕೆ ಅದ್ದಿದ ಹಾಗೆ. ಅದನ್ನ ನಿಮ್ಮಮ್ಮ ನಿಂಗೆ ಮೂರು ವರ್ಷಕ್ಕೇ ಕಲಿಸಿದ್ಲಲ್ಲೋ!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಬೈದುಬಿಡು ದೊಡ್ಡಮ್ಮ."

"ಬೈದ್ರೆ ನಿನ್ನ ಮನಸ್ಸು ಹಗುರ ಆಗುತ್ತೆ, ನನ್ನ ಮಂಡಿ ಆಗಲ್ಲ. ಅವತ್ತು ಎಷ್ಟು ಜೋರಾಗಿ ಕೂಗಿದ್ಯೋ, ಇವತ್ತೂ ಅಷ್ಟೇ ಜೋರಾಗಿ ಕೂಗು. ಟೈಲರಮ್ಮನ ಮನೆಯಿಂದ ಶುರು ಮಾಡು. ಬರಿಗೈಲಿ ಹೋಗ್ಬೇಡ, ನೀರು ತಗೊಂಡ್ಹೋಗು."

ಕೊಡ ತುಂಬಿಸಿ ಹೆಗಲಿಗೇರಿಸಿದೆ. ಬೀದಿ ದಾಟುವಷ್ಟರಲ್ಲಿ ಅಂಗಿಯ ಒಂದು ಪಕ್ಕ ತೊಯ್ದು ಹೋಯಿತು. ಟೈಲರಮ್ಮನ ಬಾಗಿಲು ತಟ್ಟಿದೆ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು.