ಒಂದೇ ಎಳೆ ತಂತಿ

"ಕಾಯಿ ನೀನ ಒಡೀಬೇಕು, ಮಾಲಿಂಗಣ್ಣಾ. ನೀ ಮೂಡಲಗಿ ಕರೆಂಟ್ ಆಫೀಸಿಗೆ ಎಡತಾಕದಿದ್ರ ಈ ಟೀಸಿ ಬರ್ತಿತ್ತೇನು?" ಎಂದು ಗಿರಣಿಯ ಶಂಕ್ರವ್ವ ತೆಂಗಿನಕಾಯಿಯನ್ನು ಅವನ ಕೈಗೇ ತುರುಕಿದಳು.

ಕುಲಗೋಡದ ಹೊಸ ಪ್ಲಾಟಿನ ಜನವೆಲ್ಲ ಸೇರಿತ್ತು. ಕಂಬಗಳ ಮೇಲೆ ಹಳೆಯದಕ್ಕಿಂತ ದುಪ್ಪಟ್ಟು ಶಕ್ತಿಯ ಟ್ರಾನ್ಸ್‌ಫಾರ್ಮರು, ಊರವರ ಬಾಯಲ್ಲಿ ಟೀಸಿ. ಕಂಬಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಮಾಲಿಂಗನ ಕೊರಳಿಗೂ ಅಂಥದೇ ಒಂದು ಮಾಲೆ ಬಿದ್ದಿತ್ತು. ಕತ್ತಿಗೆ ಚುಚ್ಚುತ್ತಿತ್ತು. ಚುಚ್ಚಲಿ, ಅವನಿಗೆ ಅದು ಆಗಬೇಕಾದ್ದೇ!

ಹಳೆಯ ಟೀಸಿ ಹನ್ನೆರಡು ಮನೆಗೆಂದು ಹಾಕಿದ್ದು. ಮನೆ ನಲವತ್ತಾದವು, ಕೂಲರು ಬಂದವು, ಗಿರಣಿ ಬಂತು. ದಿನಕ್ಕೆರಡು ಸಲ ಫ್ಯೂಸ್ ಹಾರತೊಡಗಿತು. ಲೈನ್‌ಮನ್ ಶಿದ್ರಾಮ ಬಂದಾಗೊಮ್ಮೆ, "ಇದು ತಾಳೂದಿಲ್ರಿ, ದೊಡ್ಡದು ಬೇಕು" ಎಂದು ತೆಳು ತಂತಿಯ ಒಂದೇ ಎಳೆ ಕಟ್ಟಿ ಹೋಗುತ್ತಿದ್ದ. ಇತ್ತ ಅದೇ ಟೀಸಿಯ ಪಂಪು ಬಂದಾಗಿ ಮಾಲಿಂಗನ ಕಬ್ಬಿಗೆ ನೀರು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅವನು ಸಿಟ್ಟಿಗೆದ್ದು, ಯಾರೂ ಇಲ್ಲದ್ದು ನೋಡಿ, ಹಿತ್ತಲಿನ ಹೀರೆ ಹಂದರದ ದಪ್ಪ ತಂತಿ ಬಿಚ್ಚಿ ತಂದು, ಮೂರೆಳೆ ಹೊಸೆದು ಫ್ಯೂಸಿಗೆ ತಾನೇ ಬಿಗಿದುಬಿಟ್ಟ. ಆಮೇಲೆ ಫ್ಯೂಸ್ ಹಾರಲಿಲ್ಲ, ಖರೆ. ನಾಲ್ಕನೇ ದಿನ ಹೊರೆ ತಾಳದೆ ಟೀಸಿಯೇ ಸುಟ್ಟು ಎಣ್ಣೆ ಸುರಿಯಿತು.

ಊರೆಲ್ಲ ಶಿದ್ರಾಮನ ಮೇಲೆ ಹರಿಹಾಯ್ದಿತು. ಕರೆಂಟ್ ಆಫೀಸಿನಲ್ಲಿ ಸಾಹೇಬರು ಕೇಳಿದಾಗ ಎಲ್ಲರಿಗಿಂತ ಮೊದಲು ಬಾಯಿ ತೆರೆದವನು ಮಾಲಿಂಗ: "ನಿಮ್ಮ ಲೈನ್‌ಮನ್‌ಗ ಫ್ಯೂಸ್ ಕಟ್ಟಾಕ ಬರೂದಿಲ್ರಿ." ಅಯ್ಯೋ, ಹಾಳು ನಾಲಿಗೆಯೇ! ಶಿದ್ರಾಮನಿಗೆ ಹುಕ್ಕೇರಿಗೆ ಬದಲಿಯಾಯಿತು. ಹೆಂಡತಿ ನಾಗರತ್ನಾ ಇಲ್ಲಿಯ ಅಂಗನವಾಡಿ ಟೀಚರು. ಇನ್ನು ಸಂಸಾರ ಎರಡು ಊರಿನ ಪಾಲು. ಇವತ್ತು ಇಲ್ಲಿ ಅವನ ಕೊನೆಯ ದಿನ.

ಅವನು ಗುಂಪಿನಿಂದಾಚೆ ಸ್ವಿಚ್ಚಿನ ಡಬ್ಬಿಯ ಹತ್ತಿರ ಒಬ್ಬನೇ ನಿಂತಿದ್ದ. ಹೇಳಿಬಿಡು, ಈಗಲೇ ಹೇಳಿಬಿಡು ಎಂದು ಮಾಲಿಂಗನ ಜೀವ ಒದ್ದಾಡಿತು. ಬಾಯಿಗೆ ಬಂದದ್ದು ಬೇರೆಯೇ.

"ಕಾಯಿ ನೀ ಒಡಿಯೋ, ತಮ್ಮಾ."

"ನೋಡ್ರಿ! ಟೀಸಿ ಸುಟ್ಟಾವಗೂ ಮಾನಾ ಕೊಡ್ತಾನ. ಎಂಥಾ ದೊಡ್ಡ ಮನಸು!" ಎಂದಳು ಶಂಕ್ರವ್ವ. ಚಪ್ಪಾಳೆ ಬಿತ್ತು. ಮಾಲಿಂಗನಿಗೆ ತಲೆ ಎತ್ತಲಾಗಲಿಲ್ಲ. ಈಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ.

ಶಿದ್ರಾಮ ಕಾಯಿ ಒಡೆದ, ಸ್ವಿಚ್ಚು ಏರಿಸಿದ. ಮೂರು ವಾರದಿಂದ ನಿಂತಿದ್ದ ಗಿರಣಿ ಗುರುಗುಟ್ಟಿತು. ಹೆಂಗಸರು ಜೋಳದ ಬುಟ್ಟಿ ತರಲು ಮನೆಗೆ ಓಡಿದರು, ಗಂಡಸರು ಗಿರಣಿಯ ಕಡೆ ನಡೆದರು.

ಶಿದ್ರಾಮ ಹತ್ತಿರ ಬಂದು ಒಂದು ಚೂರು ಕೊಬ್ಬರಿ ಕೊಟ್ಟ. ಆಮೇಲೆ ಚೀಲಕ್ಕೆ ಕೈಹಾಕಿ ಗೇಣುದ್ದದ ತೆಳು ತಂತಿ ತೆಗೆದು ಮಾಲಿಂಗನ ಅಂಗೈಯಲ್ಲಿಟ್ಟ.

"ಕಾಕಾ, ಫ್ಯೂಸ್ ಹಾರಿದ್ರ ಹೊಸಾ ಲೈನ್‌ಮನ್ ಬರೂತನಕಾ ಕಾಯ್ರಿ. ಕಾಯಾಕ ಆಗದಿದ್ರ ಇದನ್ನ ಕಟ್ರಿ. ಒಂದ ಎಳಿ."

"ನಿನಗ... ಗೊತ್ತಿತ್ತೇನೋ?"

"ಫ್ಯೂಸಿನ್ಯಾಗ ನೋಡಿದೆ. ನಿಮ್ಮ ಹಂದರಕ್ಕ ಆ ತಂತಿ ಬಿಗಿದಾಂವ ನಾನ ಅಲ್ರಿ?"

"ಮತ್ತ ಸಾಹೇಬರ ಮುಂದ ಯಾಕ ಹೇಳಲಿಲ್ಲೋ?"

"ನೀವ ಹೇಳ್ತೀರಿ ಅಂತ ಕಾದೆ, ಕಾಕಾ."

ಬೈಕು ಶುರುವಾಯಿತು, ತಿರುವಿನಲ್ಲಿ ಮರೆಯಾಯಿತು. ಕೊರಳಿನ ಮಾಲೆ ತೆಗೆಯುವುದನ್ನೂ ಮರೆತು ಮಾಲಿಂಗ ನಿಂತೇ ಇದ್ದ. ಗಿರಣಿಯ ಬಾಗಿಲಿನಿಂದ ಶಂಕ್ರವ್ವ, ಮೊದಲ ಹಿಟ್ಟು ನಿನ್ನದೇ ಬಾರೋ ಎಂದು ಕೂಗುತ್ತಿದ್ದಳು.