ಪರದೆಗೆ ಅಂಟಿಸಿದ ಪಾಸ್‌ವರ್ಡ್

ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರೇ ಎನ್ನುತ್ತಿದ್ದರು. ಹೊಸದಾಗಿ ಕಲಸಿದ ಬಣ್ಣ ಮಾದರಿಗೆ ಹೊಂದುತ್ತದೆಯೇ ಎಂದು ನೋಡಿ ಸೈ ಎನ್ನುವುದು ಇಪ್ಪತ್ತೆರಡು ವರ್ಷದಿಂದ ಅವರ ಕಣ್ಣಿನ ಕೆಲಸ. ಆ ಕಣ್ಣು ಈಚೆಗೆ ನೀಲಿ, ಹಸಿರುಗಳ ನಡುವೆ ಎಡವುತ್ತಿತ್ತು. ಬಣ್ಣ ಅಳೆಯುವ ಯಂತ್ರವನ್ನೇ ನಂಬಿ ಕೆಲಸ ತೂಗಿಸುತ್ತಿದ್ದರು. ಕಣ್ಣು ತಪ್ಪಿದ ದಿನಗಳನ್ನೆಲ್ಲ ಲ್ಯಾಬಿನ ಕಂಪ್ಯೂಟರಿನಲ್ಲಿ ಬರೆದಿಟ್ಟು, ನಿನ್ನೆ ಆ ಟಿಪ್ಪಣಿಗೆ ಪಾಸ್‌ವರ್ಡ್ ಹಾಕಿದ್ದರು. ಯಾರಾದರೂ ಓದಿದರೆ ಕುರ್ಚಿ ಹೋದಂತೆಯೇ.

ಆದರೆ ಚೀಟಿಯಿಲ್ಲದ ಶೀಸೆ ಲ್ಯಾಬಿನಲ್ಲಿ ಇರಕೂಡದು ಎಂಬ ನಿಯಮ ಕೈಗೆ ಅಂಟಿತ್ತಲ್ಲ! ಟಿಪ್ಪಣಿಯ ಹೆಸರು, ಪಾಸ್‌ವರ್ಡ್, ದಿನಾಂಕ, ಸಹಿ ಎಲ್ಲವನ್ನೂ ಅಚ್ಚುಕಟ್ಟಾಗಿ ಚೀಟಿಯಲ್ಲಿ ಬರೆದು, ಪರದೆಯ ಅಂಚಿಗೆ ಅಂಟಿಸಿ ಮನೆಗೆ ಹೋಗಿದ್ದರು. ಬೆಳಿಗ್ಗೆ ಹಲ್ಲುಜ್ಜುವಾಗ ಅದು ನೆನಪಾಯಿತು.

ಓಡೋಡಿ ಬಂದರೆ ಚೀಟಿ ಇಲ್ಲ. ತಮಗಿಂತ ಎರಡು ಗಂಟೆ ಮೊದಲೇ ಬಂದಿದ್ದ ಸಹಾಯಕಿ ಒಬ್ಬಳೇ ಇದ್ದಳು. ಮೇಷ್ಟ್ರ ನಂತರ ಆ ಕುರ್ಚಿ ಅವಳದೇ.

“ಏನ್ ಮೇಷ್ಟ್ರೇ, ಮುಖಕ್ಕೆ ಬಿಳಿ ಪ್ರೈಮರ್ ಹೊಡ್ಕೊಂಡು ಬಂದಿದ್ದೀರಾ?”

“ಇಲ್ಲೊಂದು ಚೀಟಿ...”

“ತಗೊಳ್ಳಿ, ಪರ್ಸಲ್ಲಿ ಇಟ್ಟಿದ್ದೆ. ಬೀಗ ಹಾಕಿ ಬೀಗದಕೈನ ಬಾಗಿಲಿಗೇ ನೇತಾಕೋರು ನೀವೊಬ್ರೇ. ಅದೂ ಸಹಿ ಸಮೇತ!”

ಟಿಪ್ಪಣಿಯನ್ನು ಯಾವಾಗ ತೆರೆಯಲಾಗಿದೆ ಎಂದು ಮೇಷ್ಟ್ರು ಕಂಪ್ಯೂಟರಿನಲ್ಲಿ ನೋಡಿದರು. ಕೊನೆಯ ಬಾರಿ ತೆರೆದದ್ದು ನಿನ್ನೆ ಸಂಜೆ ಐದೂ ಹತ್ತಕ್ಕೆ, ತಾವೇ. ಯಾವ ಅಳತೆಯನ್ನೂ ಮೂರು ಸಲ ನೋಡುವವರು, ಇದನ್ನೂ ಮೂರು ಸಲ ನೋಡಿದರು.

“ಓದ್ಬೇಕು ಅನ್ನಿಸ್ಲಿಲ್ವೇನಮ್ಮ?”

“ಅನ್ನಿಸ್ದೆ ಇರುತ್ತಾ? ಕೈ ಕೆರೀತಿತ್ತು. ಈ ವಯಸ್ಸಲ್ಲಿ ಪ್ರೇಮಪತ್ರ ಗಿತ್ರ ಇದ್ರೆ ನಾನು ನಿಮ್ಮನೆ ಅಕ್ಕನ ಮುಖ ಹೇಗೆ ನೋಡ್ಲಿ ಅಂತ ಬಿಟ್ಬಿಟ್ಟೆ.”

ಮೇಷ್ಟ್ರಿಗೆ ನಗು ಬಂತು. ಇವಳಿಂದಲೇ ಬಚ್ಚಿಡಬೇಕೆಂದು ಎಷ್ಟು ಹೆಣಗಿದ್ದರು!

“ನಂಗೆ ನೀಲಿ, ಹಸಿರು ಸರಿಯಾಗಿ ಕಾಣ್ತಿಲ್ಲ ಕಣಮ್ಮ. ಅದೇ ಬರೆದಿರೋದು.”

ಅವಳು ಬಣ್ಣ ಕಲಸುತ್ತಿದ್ದ ಕಡ್ಡಿಯನ್ನು ಕೆಳಗಿಟ್ಟಳು. “ಎಷ್ಟು ದಿನದಿಂದ?”

“ಐದು ತಿಂಗಳು. ಇವತ್ತು ಮ್ಯಾನೇಜರಿಗೆ ಹೇಳ್ಬಿಡ್ತೀನಿ.”

“ಹೇಳಿ. ನೀಲಿ, ಹಸಿರು ನಾನು ನೋಡ್ತೀನಿ ಅಂತಾನೂ ಹೇಳಿ. ಕೆಂಪು, ಕಂದು ನೀವೇ ನೋಡ್ಬೇಕು. ಅವು ನನ್ನ ತಲೆಗೆ ಇನ್ನೂ ಹತ್ತಿಲ್ಲ. ಕಲಿಸದೆ ತಪ್ಪಿಸ್ಕೊಳ್ಳೋ ಹಾಗಿಲ್ಲ ಮೇಷ್ಟ್ರೇ.”

ಮೇಷ್ಟ್ರು ಎದ್ದರು. ನಿನ್ನ ಉಪಕಾರ ಮರೆಯುವುದಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದೆ ನಡೆದು ಮ್ಯಾನೇಜರರ ಬಾಗಿಲು ತಟ್ಟಿಯಾಗಿತ್ತು.